ಬೇಡ ಎನ್ನಬಲ್ಲ ಪತ್ರಿಕೆ



ಆಸ್ಟ್ರೇಲಿಯದ ಪರ್ತ್ ನಗರದ ಮೈಕ್ ಡಾಬ್ ಅವರು ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಪ್ರಾಧ್ಯಾಪಕರಾಗಿದ್ದರು. ಅವರ ಮನೆಯಲ್ಲಿ ಆಲಿ ಎಂಬ ನಾಯಿ ಇತ್ತು. ಪ್ರಾಧ್ಯಾಪಕರ ಇಮೇಲಿಗೆ ಮೇಲಿಂದ ಮೇಲೆ ಪತ್ರಗಳು ಬರುತ್ತಿದ್ದವು. ‘ನಮ್ಮ ಜರ್ನಲ್‌ಗೆ ಪ್ರಬಂಧ ಕಳಿಸಿ, ನಮ್ಮ ಸಂಪಾದಕ ಮಂಡಳಿಗೆ ಬನ್ನಿ’ ಎಂದು. ಒಂದು ದಿನ ಅವರು ಆ ಕರೆಗೆ ಓಗೊಟ್ಟರು. ಆದರೆ ತಮ್ಮ ಹೆಸರಿನಲ್ಲಲ್ಲ, ನಾಯಿಯ ಹೆಸರಿನಲ್ಲಿ. ಆಲಿ ಡಾಕ್ಟರ್ ಒಲಿವಿಯಾ ಡಾಲ್ ಆಯಿತು. ಊರಿನ ನಾಯಿ ಆಶ್ರಯಧಾಮದ ಹೆಸರನ್ನೇ ಸ್ವಲ್ಪ ತಿರುಚಿ, ಅದು ಆಕೆ ಕೆಲಸ ಮಾಡಿದ ಸಂಶೋಧನಾ ಸಂಸ್ಥೆ ಎಂದು ಬರೆದರು. ಮಧ್ಯಮ ಗಾತ್ರದ ನಾಯಿಗಳ ಹೊಟ್ಟೆ ನೀವುವುದರಿಂದ ಆಗುವ ಪ್ರಯೋಜನಗಳು ಡಾಕ್ಟರ್ ಡಾಲ್ ಅವರ ಸಂಶೋಧನಾ ಆಸಕ್ತಿಯಂತೆ!

2017ರಲ್ಲಿ ಈ ಸುದ್ದಿ ಹೊರಬಿದ್ದಾಗ ಆಲಿಯ ಹೆಸರು 7 ವೈದ್ಯಕೀಯ ಜರ್ನಲ್‌ಗಳ ಸಂಪಾದಕ ಮಂಡಳಿಯಲ್ಲಿತ್ತು. ಒಂದು ಜರ್ನಲ್ ಅಂತೂ ನರಗಳ ಮೇಲೆ ಬೆಳೆಯುವ ಗೆಡ್ಡೆಯ ಚಿಕಿತ್ಸೆಯನ್ನು ಕುರಿತ ಪ್ರಬಂಧವನ್ನು ‘ಪರಿಶೀಲಿಸಿ ಕೊಡಿ’ ಎಂದು ಕಳಿಸಿತ್ತು.

ನಗು ಬರುತ್ತದೆ, ನಿಜ. ಆದರೆ ಆ ಗೆಡ್ಡೆಯ ಪ್ರಬಂಧ ಬರೆದವರು ಯಾರೋ ಇದ್ದಾರಲ್ಲ. ಅವರು ಹಣ ಕಟ್ಟಿ, ತಜ್ಞರೊಬ್ಬರು ಓದುತ್ತಾರೆ ಎಂದು ಕಾಯುತ್ತಿದ್ದಿರಬಹುದು.

ಇಂಥ ಜರ್ನಲ್‌ಗಳಿಗೆ ಇಂಗ್ಲಿಷಿನಲ್ಲಿ ಪ್ರೆಡೇಟರಿ ಜರ್ನಲ್ ಎಂಬ ಹೆಸರಿದೆ. ಅಮೆರಿಕದ ಡೆನ್ವರ್‌ನಲ್ಲಿ ಗ್ರಂಥಪಾಲಕರಾಗಿದ್ದ ಜೆಫ್ರಿ ಬೀಲ್ 2010ರ ಸುಮಾರಿಗೆ ಈ ಹೆಸರನ್ನು ಬಳಕೆಗೆ ತಂದರು. ಈ ಮಾತುಕತೆಯಲ್ಲಿ ನಾವು ಸುಲಿಗೆ ಜರ್ನಲ್ ಎನ್ನೋಣ. ಇಂದಿನ ಪ್ರಶ್ನೆ ಒಂದೇ. ಸುಲಿಗೆ ಜರ್ನಲ್ ಯಾವುದು, ಸಾಚಾ ಜರ್ನಲ್ ಯಾವುದು ಎಂದು ತಿಳಿಯುವುದು ಹೇಗೆ? ಪಿಎಚ್.ಡಿ. ಮಾಡುತ್ತಿರುವವರು, ಅವರ ಗೈಡ್‌ಗಳು, ಕಾಲೇಜು ಅಧ್ಯಾಪಕರು ಹೆಚ್ಚು ಗಮನವಿಟ್ಟು ಕೇಳಬೇಕಾದ ವಿಷಯ ಇದು. ಮಿಕ್ಕವರಿಗೂ ಇದರಲ್ಲಿ ಪಾಲಿದೆ. ‘ಸಂಶೋಧನೆಯಿಂದ ಸಾಬೀತಾಗಿದೆ’ ಎಂಬ ಮಾತು ಔಷಧದ ಜಾಹೀರಾತಿನಿಂದ ಹಿಡಿದು ಮೊಬೈಲಿನ ಸಂದೇಶದವರೆಗೆ ಎಲ್ಲರ ಕಿವಿಗೂ ಬೀಳುತ್ತದೆ.

ಮೊದಲು ಸಾಚಾ ಜರ್ನಲ್ ಏನು ಮಾಡುತ್ತದೆ ಎಂದು ನೋಡೋಣ. ಸಂಶೋಧಕರು ಪ್ರಬಂಧ ಕಳಿಸುತ್ತಾರೆ. ಸಂಪಾದಕರು ಓದುತ್ತಾರೆ. ಯೋಗ್ಯ ಎನ್ನಿಸಿದರೆ ಅದೇ ವಿಷಯದಲ್ಲಿ ಕೆಲಸ ಮಾಡಿದ ಇಬ್ಬರು ಮೂವರಿಗೆ ಕಳಿಸುತ್ತಾರೆ. ಅವರು ತಪ್ಪು ಹುಡುಕುತ್ತಾರೆ, ಪ್ರಶ್ನೆ ಕೇಳುತ್ತಾರೆ, ತಿದ್ದಿ ತನ್ನಿ ಎನ್ನುತ್ತಾರೆ. ಎಷ್ಟೋ ಸಲ ಬೇಡ ಎನ್ನುತ್ತಾರೆ. ಇದೇ ಪೀರ್ ರಿವ್ಯೂ, ಸಹತಜ್ಞರ ಪರಿಶೀಲನೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಪರಿಶೀಲಿಸಿದವರಿಗೆ ಸಾಮಾನ್ಯವಾಗಿ ಸಂಬಳವೂ ಇಲ್ಲ.

ಇದರ ಬಿಸಿ ಐನ್‌ಸ್ಟೈನ್ ಅವರಿಗೂ ತಟ್ಟಿತ್ತು. 1936ರಲ್ಲಿ ಅವರು ಗುರುತ್ವದ ಅಲೆಗಳ ಬಗ್ಗೆ ಒಂದು ಪ್ರಬಂಧವನ್ನು ಅಮೆರಿಕದ ಫಿಸಿಕಲ್ ರಿವ್ಯೂ ಪತ್ರಿಕೆಗೆ ಕಳಿಸಿದರು. ಜೊತೆಗೆ ಬರೆದವರು ನೇಥನ್ ರೋಸೆನ್. ಸಂಪಾದಕ ಜಾನ್ ಟೇಟ್ ಅದನ್ನು ಇನ್ನೊಬ್ಬ ತಜ್ಞರಿಗೆ ತೋರಿಸಿದರು. ತಪ್ಪಿದೆ ಎಂಬ ಉತ್ತರ ಬಂತು. ಐನ್‌ಸ್ಟೈನ್ ಸಿಟ್ಟಾದರು. ಅಚ್ಚಿಗೆ ಮುಂಚೆ ಯಾರಿಗೂ ತೋರಿಸಲು ನಾನು ಒಪ್ಪಿರಲಿಲ್ಲ ಎಂದು ಪ್ರಬಂಧವನ್ನು ವಾಪಸು ಪಡೆದರು. ಬೇರೆ ಪತ್ರಿಕೆಗೆ ಕೊಟ್ಟರು. ಆದರೆ ಅಚ್ಚಾಗುವ ಹೊತ್ತಿಗೆ ಅದರ ತೀರ್ಮಾನವನ್ನೇ ಬದಲಿಸಬೇಕಾಯಿತು. ಪರಿಶೀಲಿಸಿದವರ ಮಾತು ಸರಿಯಾಗಿತ್ತು. ಐನ್‌ಸ್ಟೈನ್‌ಗೂ ತಪ್ಪಿದೆ ಎಂದು ಹೇಳಿದ ಪತ್ರಿಕೆ ಇದೆ. ನಾಯಿಗೆ ಬೇಡ ಎನ್ನದ ಜರ್ನಲ್‌ಗಳೂ ಇವೆ. ಎರಡರ ನಡುವಿನ ದೂರವೇ ಇಂದಿನ ಮಾತಿನ ತಿರುಳು.

ಹಾಗಾದರೆ ಬೇಡ ಎನ್ನಲಾರದ ಜರ್ನಲ್‌ಗಳು ಹುಟ್ಟಿದ್ದು ಹೇಗೆ? ಇಲ್ಲಿ ಹಣದ ದಾರಿಯನ್ನು ಸ್ವಲ್ಪ ಹಿಡಿದು ಹೋಗಬೇಕು. ಹಿಂದೆ ಜರ್ನಲ್‌ಗೆ ಚಂದಾ ಕಟ್ಟುತ್ತಿದ್ದುದು ಗ್ರಂಥಾಲಯ. 2000ದ ನಂತರ ಅಂತರ್ಜಾಲದಲ್ಲಿ ಓಪನ್ ಆಕ್ಸೆಸ್ ಬಂತು. ಓದುವವರಿಗೆ ಎಲ್ಲವೂ ಉಚಿತ, ಖರ್ಚು ಬರೆದವರದು ಅಥವಾ ಅವರ ಸಂಸ್ಥೆಯದು. ಉದ್ದೇಶ ದೊಡ್ಡದು. ಚಂದಾ ಕಟ್ಟಲಾಗದ ಬಡ ಕಾಲೇಜಿಗೂ ಜ್ಞಾನ ಸಿಗಲಿ ಎಂಬ ಆಸೆ. ಆದರೆ ಅದರ ಜೊತೆಗೇ ಒಂದು ಕಿಂಡಿ ತೆರೆಯಿತು. ಬರೆದವರೇ ಹಣ ಕೊಡುವುದಾದರೆ, ಬೇಡ ಎಂದಷ್ಟೂ ಪ್ರಕಾಶಕರಿಗೆ ನಷ್ಟ.

ಹಣ ಕೇಳಿದ ಮಾತ್ರಕ್ಕೆ ಅದು ಮೋಸದ ಜರ್ನಲ್ ಅಲ್ಲ. ಈ ತಪ್ಪು ಕಲ್ಪನೆ ಬಹಳ ಮಂದಿಗೆ ಇದೆ. ನೇಚರ್ ಪತ್ರಿಕೆಯಲ್ಲಿ ಓಪನ್ ಆಕ್ಸೆಸ್ ಪ್ರಬಂಧಕ್ಕೆ 10 ಸಾವಿರ ಡಾಲರ್‌ಗಿಂತ ಹೆಚ್ಚು ಶುಲ್ಕವಿದೆ. ಸುಲಿಗೆ ಜರ್ನಲ್‌ಗಳೋ, ಬಲು ಅಗ್ಗ. ಫಿನ್‌ಲೆಂಡಿನ ಇಬ್ಬರು ಸಂಶೋಧಕರು 2015ರಲ್ಲಿ ಲೆಕ್ಕ ಹಾಕಿದರು. ಇಂಥ ಜರ್ನಲ್‌ಗಳ ಸರಾಸರಿ ಶುಲ್ಕ ಸುಮಾರು 180 ಡಾಲರ್, ಆಗಿನ ಬೆಲೆಯಲ್ಲಿ ಹತ್ತಿರ ಹತ್ತಿರ 11 ಸಾವಿರ ರೂಪಾಯಿ. 2014ರ ಒಂದೇ ವರ್ಷದಲ್ಲಿ ಇಂಥ ಸುಮಾರು 8 ಸಾವಿರ ಜರ್ನಲ್‌ಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಪ್ರಬಂಧಗಳು ಬಂದಿದ್ದವು ಎಂಬುದು ಅವರ ಅಂದಾಜು. ಬರೆದವರಲ್ಲಿ ಮೂರರಲ್ಲೊಂದು ಪಾಲು ಭಾರತದವರು. ಇನ್ನೊಂದು ಕಡೆ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಜರ್ನಲ್‌ಗಳಲ್ಲಿ ಅಚ್ಚು ಮಾಡಲು ಲೇಖಕರಿಂದ ಶುಲ್ಕ ಬೇಡುವುದಿಲ್ಲ. ಅಂದರೆ ಶುಲ್ಕ ಇದೆಯೋ ಇಲ್ಲವೋ, ಹೆಚ್ಚೋ ಕಡಿಮೆಯೋ, ಅದೊಂದರಿಂದಲೇ ತೀರ್ಪು ಕೊಡಲಾಗದು. ಅದನ್ನು ಮೊದಲೇ ಹೇಳಿದರೋ ಇಲ್ಲವೋ ಎಂಬುದು ಮುಖ್ಯ. ಆ ಮಾತಿಗೆ ಮತ್ತೆ ಬರೋಣ.

ಇಲ್ಲಿಯವರೆಗೆ ಎರಡು ಸಂಗತಿ ಆಯಿತು. ಸಾಚಾ ಜರ್ನಲ್ ಓದಿ ನೋಡಿ ಬೇಡ ಎನ್ನುತ್ತದೆ. ಸುಲಿಗೆ ಜರ್ನಲ್‌ಗೆ ಬೇಡ ಎಂದರೆ ನಷ್ಟ. ಇದನ್ನು ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರೆಯೇ? ನೋಡಿದ್ದಾರೆ. ಆ ಕತೆ ಕೇಳುವಂಥದು.

ಜಾನ್ ಬೊಹಾನನ್ ಒಬ್ಬ ವಿಜ್ಞಾನ ಪತ್ರಕರ್ತ. 2013ರಲ್ಲಿ ಅವರು ಕ್ಯಾನ್ಸರ್ ಬಗ್ಗೆ ಒಂದು ಸುಳ್ಳು ಪ್ರಬಂಧ ತಯಾರಿಸಿದರು. ಕಲ್ಲು ಮರಗಳ ಮೇಲೆ ಬೆಳೆಯುವ ಕಲ್ಲುಹೂವಿನಿಂದ ಒಂದು ರಾಸಾಯನಿಕ ತೆಗೆದೆವು, ಅದು ಕ್ಯಾನ್ಸರ್ ಕೋಶಗಳ ಬೆಳವಣಿಗೆ ತಡೆಯುತ್ತದೆ ಎಂಬುದು ಅದರ ಸಾರ. ಕಂಪ್ಯೂಟರ್ ಪ್ರೋಗ್ರಾಮಿನ ನೆರವಿನಿಂದ ಕಲ್ಲುಹೂವಿನ ಹೆಸರು, ರಾಸಾಯನಿಕದ ಹೆಸರು ಬದಲಿಸುತ್ತಾ ನೂರಾರು ಪ್ರಬಂಧ ಮಾಡಿದರು. ಬರೆದವರ ಹೆಸರು ಸುಳ್ಳು. ಆಫ್ರಿಕದ ಊರುಗಳಲ್ಲಿವೆ ಎಂದ ಸಂಸ್ಥೆಗಳೂ ಸುಳ್ಳು.

ಒಳಗಿನ ತಪ್ಪುಗಳು ಮುಚ್ಚಿಟ್ಟವಲ್ಲ, ಎದ್ದು ಕಾಣುವಂಥವು. ಪ್ರಬಂಧದಲ್ಲಿ ಒಂದು ನಕ್ಷೆಯಿತ್ತು. ರೇಡಿಯೋದಲ್ಲಿ ತೋರಿಸಲಾಗದು, ಬಾಯಲ್ಲೇ ಹೇಳಬೇಕು. ಎಡದಿಂದ ಬಲಕ್ಕೆ ಔಷಧದ ಪ್ರಮಾಣ ಏರುತ್ತಾ ಹೋಗುತ್ತದೆ. ಮೊದಲಿಗಿಂತ ಕೊನೆಯದು ಸಾವಿರಾರು ಪಟ್ಟು ಹೆಚ್ಚು. ಆದರೆ ಪರಿಣಾಮ ತೋರಿಸುವ ಗೆರೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆ ನಕ್ಷೆಯ ಕೆಳಗೆ ‘ಔಷಧ ಹೆಚ್ಚಿದಂತೆ ಪರಿಣಾಮ ಹೆಚ್ಚುತ್ತದೆ’ ಎಂಬ ಅರ್ಥದ ಮಾತು. ರಸಾಯನಶಾಸ್ತ್ರ ಓದಿದ ಪಿಯುಸಿ ವಿದ್ಯಾರ್ಥಿಯೂ ‘ಇದೇನು ಹೀಗೆ?’ ಎಂದು ಕೇಳುವಂಥದು.

ಸುಮಾರು 300 ಓಪನ್ ಆಕ್ಸೆಸ್ ಜರ್ನಲ್‌ಗಳಿಗೆ ಇದು ಹೋಯಿತು. ಅರ್ಧಕ್ಕಿಂತ ಹೆಚ್ಚು ಜರ್ನಲ್‌ಗಳು ಸ್ವೀಕರಿಸಿದವು. ಸುಮಾರು 100 ತಿರಸ್ಕರಿಸಿದವು. ವಿಜ್ಞಾನದ ತಪ್ಪನ್ನು ಗುರುತಿಸಿ ಬರೆದವು 40ಕ್ಕೂ ಕಡಿಮೆ. ಅವುಗಳಲ್ಲೂ ಕೆಲವೆಡೆ ಪರಿಶೀಲಕರು ತಪ್ಪಿದೆ ಎಂದರೂ ಸಂಪಾದಕರು ಒಪ್ಪಿಕೊಂಡರು. ಭಾರತದಲ್ಲಿ ನೆಲೆಯಿದ್ದ ಜರ್ನಲ್‌ಗಳಲ್ಲಿ 60ಕ್ಕೂ ಹೆಚ್ಚು ಹೂಂ ಎಂದವು, ಉಹುಂ ಎಂದವು ಸುಮಾರು 15. ಹೆಸರಿನಲ್ಲಿ ಅಮೆರಿಕ ಯುರೋಪುಗಳನ್ನು ಅಂಟಿಸಿಕೊಂಡ ಜರ್ನಲ್‌ಗಳ ಬ್ಯಾಂಕ್ ಖಾತೆ ಬೇರೆಲ್ಲೋ ಇದ್ದುದೂ ಬಯಲಾಯಿತು. ಇನ್ನೊಂದು ಮುಜುಗರದ ಸಂಗತಿ ಎಂದರೆ ಒಪ್ಪಿಕೊಂಡ ಪಟ್ಟಿಯಲ್ಲಿ ಎಲ್ಸೆವಿಯರ್, ಸೇಜ್‌ನಂಥ ದೊಡ್ಡ ಕಂಪನಿಗಳ ಜರ್ನಲ್‌ಗಳೂ ಇದ್ದವು. ಆದರೆ ‘ಸಿಕ್ಕಿದ್ದನ್ನೆಲ್ಲ ಹಾಕುತ್ತಾರೆ’ ಎಂದು ಕೆಲವರು ಹಳಿಯುತ್ತಿದ್ದ ಪ್ಲಾಸ್ ಒನ್ ಪತ್ರಿಕೆ ಎಚ್ಚರದಿಂದ ಓದಿ ತಿರಸ್ಕರಿಸಿತು.

ಈ ಪರೀಕ್ಷೆಯಲ್ಲೂ ಒಂದು ಕೊರತೆ ಇದೆ. ಬೊಹಾನನ್ ಚಂದಾ ಜರ್ನಲ್‌ಗಳಿಗೆ ಪ್ರಬಂಧ ಕಳಿಸಲಿಲ್ಲ. ಅವು ಹೆಚ್ಚು ಎಚ್ಚರದಿಂದ ಇರುತ್ತಿದ್ದವೇ? ಈ ಪರೀಕ್ಷೆಯಿಂದ ಹೇಳಲಾಗದು.

ಈಗ ನಮ್ಮ ದೇಶದ ಕಡೆ ತಿರುಗೋಣ. ಬೊಹಾನನ್ ಪರೀಕ್ಷೆಯಲ್ಲೂ ಫಿನ್‌ಲೆಂಡಿನ ಲೆಕ್ಕದಲ್ಲೂ ಭಾರತದ ಪಾಲು ದೊಡ್ಡದು. ಯಾಕೆ? ನಮ್ಮವರಿಗೆ ಪ್ರಾಮಾಣಿಕತೆ ಕಡಿಮೆ ಎಂದು ಕೈತೊಳೆದುಕೊಳ್ಳುವುದು ಸುಲಭ. ನಿಜವಾದ ಕಾರಣ ನಿಯಮದಲ್ಲಿದೆ. 2009ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಒಂದು ನಿಯಮ ತಂದಿತು. ಮಹಾಪ್ರಬಂಧ ಸಲ್ಲಿಸುವ ಮೊದಲು ಪಿಎಚ್.ಡಿ. ವಿದ್ಯಾರ್ಥಿಯ ಒಂದು ಪೇಪರ್ ಅಚ್ಚಾಗಿರಬೇಕು. ಮರುವರ್ಷ ಅಧ್ಯಾಪಕರ ಬಡ್ತಿಗೆ ಎಪಿಐ ಎಂಬ ಅಂಕಗಳು ಬಂದವು. ಪೇಪರಿಗೆ ಇಷ್ಟು ಅಂಕ ಎಂಬ ಲೆಕ್ಕ. ವಾರಕ್ಕೆ ಹದಿನಾರು ಹದಿನೆಂಟು ಗಂಟೆ ಪಾಠ ಮಾಡಿ, ಪರೀಕ್ಷೆ ಡ್ಯೂಟಿ, ಮೌಲ್ಯಮಾಪನ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಕಡತ ಎಲ್ಲ ಹೊತ್ತ ಅಧ್ಯಾಪಕರಿಗೂ ಪೇಪರ್ ಬೇಕಾಯಿತು. ಬೇಡಿಕೆ ಇದ್ದಲ್ಲಿ ಅಂಗಡಿ ತೆರೆಯಿತು. ಪೇಪರ್ ಬರೆಯುವುದು ಹೋಗಿ ‘ಪೇಪರ್ ಹಾಕಿಸುವುದು’ ಎಂಬ ಮಾತು ಸ್ಟಾಫ್ ರೂಮುಗಳಲ್ಲಿ ಮಾಮೂಲಾಯಿತು.

ಯುಜಿಸಿ ಸುಮ್ಮನೆ ಕೂರಲಿಲ್ಲ. 2017ರಲ್ಲಿ 30 ಸಾವಿರಕ್ಕೂ ಹೆಚ್ಚು ಜರ್ನಲ್‌ಗಳ ಒಂದು ಪಟ್ಟಿ ಪ್ರಕಟಿಸಿತು. ಆ ಪಟ್ಟಿಗೇ ಸುಲಿಗೆ ಜರ್ನಲ್‌ಗಳು ನುಗ್ಗಿದವು. ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ್ದ ಜರ್ನಲ್‌ಗಳಲ್ಲಿ ಸುಮಾರು ಸಾವಿರವನ್ನು ಪುಣೆಯ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಪರಿಶೀಲಿಸಿದರು. ಹತ್ತರಲ್ಲಿ ಹೆಚ್ಚುಕಡಿಮೆ ಒಂಬತ್ತು ಕಳಪೆ ಎಂದು ತೇಲಿತು. ಈ ವರದಿ ಅಚ್ಚಾದದ್ದು ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ, 2018ರಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಯುಜಿಸಿ 4 ಸಾವಿರಕ್ಕೂ ಹೆಚ್ಚು ಹೆಸರು ತೆಗೆದುಹಾಕಿತು. 2019ರಲ್ಲಿ ಅದರ ಬದಲು ಕೇರ್ ಎಂಬ ಹೊಸ ಪಟ್ಟಿ ಬಂತು. 2022ರ ಕೊನೆಗೆ ಪಿಎಚ್.ಡಿ.ಗೆ ಪೇಪರ್ ಕಡ್ಡಾಯ ಎಂಬ ಕೇಂದ್ರದ ನಿಯಮವೇ ಹೋಯಿತು. 2025ರ ಆರಂಭದಲ್ಲಿ ಕೇರ್ ಪಟ್ಟಿಯನ್ನೂ ಯುಜಿಸಿ ಕೈಬಿಟ್ಟು, ಜರ್ನಲ್‌ಗಳ ಗುಣ ನೋಡುವ ಹೊಣೆಯನ್ನು ಸಂಸ್ಥೆಗಳಿಗೇ ವಹಿಸಿತು.

ಪಟ್ಟಿ ಹೋದದ್ದು ಒಳ್ಳೆಯದೋ ಕೆಟ್ಟದ್ದೋ ಎಂಬ ಬಗ್ಗೆ ಅಧ್ಯಾಪಕರಲ್ಲಿ ಎರಡು ಮಾತಿದೆ. ಪಟ್ಟಿ ಇದ್ದಾಗ ಯಾರೂ ಜರ್ನಲ್ ಓದುತ್ತಿರಲಿಲ್ಲ, ಪಟ್ಟಿಯನ್ನು ಓದುತ್ತಿದ್ದರು ಎಂಬುದಂತೂ ನಿಜ.

ಬೇಡಿಕೆಯ ಕತೆ ಇಷ್ಟಾಯಿತು. ಇನ್ನು ಅಂಗಡಿ ನಡೆಯುವ ಬಗೆ. ಇದಕ್ಕೆ ನ್ಯಾಯಾಲಯದ ದಾಖಲೆಯೇ ಇದೆ. ಹೈದರಾಬಾದಿನ ಓಮಿಕ್ಸ್ ಎಂಬ ಕಂಪನಿ ನೂರಾರು ಜರ್ನಲ್‌ಗಳನ್ನು ನಡೆಸುತ್ತಿತ್ತು, ದೇಶ ವಿದೇಶಗಳಲ್ಲಿ ಸಮ್ಮೇಳನ ಏರ್ಪಡಿಸುತ್ತಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಅದರ ಮೇಲೆ ಮೊಕದ್ದಮೆ ಹೂಡಿತು. ಆರೋಪಗಳು ಮೂರು ನಾಲ್ಕು. ಪರಿಶೀಲನೆ ಮಾಡುತ್ತೇವೆಂದು ಹೇಳಿ ಮಾಡುತ್ತಿರಲಿಲ್ಲ. ಒಪ್ಪದವರ ಹೆಸರನ್ನೂ ಸಂಪಾದಕರ ಪಟ್ಟಿಯಲ್ಲಿ ಹಾಕಿದ್ದರು. ಶುಲ್ಕದ ಮಾತು ಬರುತ್ತಿದ್ದುದು ಪ್ರಬಂಧ ಸ್ವೀಕಾರವಾದ ಮೇಲೆ. ವಾಪಸು ಕೊಡಿ ಎಂದವರಿಗೆ ಕೊಡುತ್ತಿರಲಿಲ್ಲ. 2019ರ ಮಾರ್ಚಿನಲ್ಲಿ ನೆವಾಡದ ಫೆಡರಲ್ ನ್ಯಾಯಾಲಯ 5 ಕೋಟಿ ಡಾಲರ್ ಕಟ್ಟುವಂತೆ ಆದೇಶಿಸಿತು. ಆಗಿನ ಲೆಕ್ಕದಲ್ಲಿ ಸುಮಾರು 350 ಕೋಟಿ ರೂಪಾಯಿ.

ಈ ಆರೋಪಗಳನ್ನೇ ತಿರುಗಿಸಿ ಹಿಡಿದರೆ ಪ್ರಬಂಧ ಕಳಿಸುವವರು ಕೇಳಬೇಕಾದ ಪ್ರಶ್ನೆಗಳು ಸಿಗುತ್ತವೆ. ಶುಲ್ಕ ಎಷ್ಟು ಎಂದು ಪ್ರಬಂಧ ಕಳಿಸುವ ಮೊದಲೇ ಬರೆದಿದ್ದಾರೆಯೇ? ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಒಬ್ಬರನ್ನು ಆರಿಸಿ. ಅವರ ವಿಶ್ವವಿದ್ಯಾಲಯದ ಪುಟಕ್ಕೆ ಹೋಗಿ, ಅಲ್ಲಿರುವ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ‘ಈ ಜರ್ನಲ್ ನಿಮ್ಮದೇ?’ ಎಂದು. ಜರ್ನಲ್ ಕೊಟ್ಟ ವಿಳಾಸಕ್ಕೆ ಬರೆದರೆ ಉತ್ತರ ಕೊಡುವವರು ಯಾರೆಂದು ಹೇಳಲಾಗದು. ಇಂಥ ಮಂಡಳಿಗಳಿಗೆ ಯಾರು ಬೇಕಾದರೂ ಸೇರಬಹುದೇ ಎಂದು ಪೋಲೆಂಡಿನ ವಿದ್ವಾಂಸರು ಒಂದು ಪರೀಕ್ಷೆ ಮಾಡಿದ್ದರು. ಆನ್ನಾ ಷೂಸ್ಟ್ ಎಂಬ ಇಲ್ಲದ ವ್ಯಕ್ತಿಯ ಹೆಸರಿನಲ್ಲಿ, ನನ್ನನ್ನು ಸಂಪಾದಕಿಯಾಗಿ ಸೇರಿಸಿಕೊಳ್ಳಿ ಎಂದು 360 ಜರ್ನಲ್‌ಗಳಿಗೆ ಅರ್ಜಿ ಹಾಕಿದರು. ಆಕೆಯ ಹೆಸರಿನಲ್ಲಿ ಹೇಳಿಕೊಳ್ಳುವ ಒಂದು ಪ್ರಬಂಧವೂ ಇರಲಿಲ್ಲ. ಆದರೂ ಸುಮಾರು 50 ಜರ್ನಲ್‌ಗಳು ಸೇರಿಸಿಕೊಂಡವು. ಸುಲಿಗೆ ಜರ್ನಲ್‌ಗಳೆಂದು ಜೆಫ್ರಿ ಬೀಲ್ ಮಾಡಿದ್ದ ಕಪ್ಪುಪಟ್ಟಿಯಿಂದ ಆರಿಸಿದ್ದ ಜರ್ನಲ್‌ಗಳಲ್ಲಿ ಮೂರಕ್ಕೆ ಒಂದು ಒಪ್ಪಿತು. ಹೆಸರಾಂತ ಸೂಚಿಯಿಂದ ಆರಿಸಿದ್ದ ಜರ್ನಲ್‌ಗಳಲ್ಲಿ ಒಂದೂ ಒಪ್ಪಲಿಲ್ಲ.

ಶುಲ್ಕ ಮತ್ತು ಸಂಪಾದಕರ ಮಾತು ಮುಗಿಯಿತು. ಈಗ ಕಣ್ಣಿಗೆ ಮಣ್ಣೆರಚುವ ಗುರುತುಗಳು. ಮೊದಲನೆಯದು ಐಎಸ್‌ಎಸ್‌ಎನ್ ಎಂಬ 8 ಅಂಕಿಯ ಸಂಖ್ಯೆ. ಅರ್ಜಿ ಹಾಕಿದರೆ ಬಿಟ್ಟಿ ಸಿಗುತ್ತದೆ. ಅದು ನಿಯತಕಾಲಿಕೆಯ ಗುರುತಿನ ಸಂಖ್ಯೆ ಮಾತ್ರ, ಗುಣದ ಮುದ್ರೆಯಲ್ಲ. ಆಟೋದ ನಂಬರ್ ಪ್ಲೇಟ್ ನೋಡಿ ಚಾಲಕ ಮೀಟರ್ ಹಾಕುತ್ತಾನೋ ಇಲ್ಲವೋ ಎಂದು ಹೇಳಲಾದೀತೇ? ಎರಡನೆಯದು ಇಂಪ್ಯಾಕ್ಟ್ ಫ್ಯಾಕ್ಟರ್. ಜರ್ನಲ್‌ನ ಪ್ರಬಂಧಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಹೇಳಲು ಯೂಜೀನ್ ಗಾರ್ಫೀಲ್ಡ್ ರೂಪಿಸಿದ ಲೆಕ್ಕ ಇದು. ಈಗ ಕ್ಲಾರಿವೇಟ್ ಎಂಬ ಸಂಸ್ಥೆ ವರ್ಷಕ್ಕೊಮ್ಮೆ ಕೊಡುತ್ತದೆ. ಅದೇ ಧಾಟಿಯ ಹೆಸರಿಟ್ಟುಕೊಂಡು ಹಣಕ್ಕೆ ಅಂಕ ಮಾರುವವರು ಬೇಕಾದಷ್ಟಿದ್ದಾರೆ. ಇನ್ನು ಜರ್ನಲ್‌ಗಳ ಸೂಚಿಗಳಾದ ಸ್ಕೋಪಸ್‌ನಲ್ಲಿದ್ದೇವೆ, ಡಿಒಎಜೆಯಲ್ಲಿದ್ದೇವೆ ಎಂಬ ಲಾಂಛನಗಳು. ಅಪ್ಪಣೆ ಇಲ್ಲದೆಯೂ ಲಾಂಛನ ಅಂಟಿಸಿಕೊಳ್ಳುವವರಿದ್ದಾರೆ. ಸ್ಕೋಪಸ್‌ನ ತಾಣದಲ್ಲೇ ಹುಡುಕಿದರೆ ಇದೆಯೋ ಇಲ್ಲವೋ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಹೆಸರನ್ನೇ ಕದಿಯುವವರೂ ಉಂಟು. ಆಸ್ಟ್ರಿಯಾದಲ್ಲಿ ವುಲ್ಫೇನಿಯಾ ಎಂಬ ಸಸ್ಯಶಾಸ್ತ್ರದ ಜರ್ನಲ್ ಇದೆ. ಅದಕ್ಕೆ ತನ್ನದೇ ದೊಡ್ಡ ತಾಣ ಇಲ್ಲದ್ದನ್ನು ನೋಡಿಕೊಂಡು, ಯಾರೋ ಅದೇ ಹೆಸರು, ಅದೇ ಐಎಸ್‌ಎಸ್‌ಎನ್ ಹಾಕಿ ಸುಳ್ಳು ತಾಣ ತೆರೆದರು. ಗಿಡಮರಕ್ಕೆ ಸಂಬಂಧವೇ ಇಲ್ಲದ ಪ್ರಬಂಧಗಳಿಗೂ ಹಣ ಪಡೆದರು. ಸ್ವಿಟ್ಜರ್ಲೆಂಡಿನ ಒಂದು ಹಳೆಯ ಜರ್ನಲ್‌ಗೂ ಇದೇ ಗತಿಯಾಯಿತು.

ಹಾಗೆಂದು ಹೊಳೆಯುವ ತಾಣವಿಲ್ಲದ ಪತ್ರಿಕೆಗಳನ್ನೆಲ್ಲ ಅನುಮಾನಿಸಬೇಡಿ. ನೂರು ವರ್ಷ ದಾಟಿದ ಪ್ರಬುದ್ಧ ಕರ್ನಾಟಕದಂಥ ಕನ್ನಡದ ವಿದ್ವತ್ ಪತ್ರಿಕೆಯನ್ನು ಇಂಪ್ಯಾಕ್ಟ್ ಫ್ಯಾಕ್ಟರಿನಿಂದ ಅಳೆಯಲಾಗದು. ಊರಿನಿಂದಲೂ ಅಳೆಯಬಾರದು. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಮ್ಮ ಹೊಸ ಬೆಳಕಿನ ಶೋಧವನ್ನು ವಿವರಿಸಿದ್ದು ಬೆಂಗಳೂರಿನ ಒಂದು ಸಭೆಯಲ್ಲಿ. ಆ ಉಪನ್ಯಾಸ ಅಚ್ಚಾದದ್ದು ಕಲ್ಕತ್ತೆಯ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ, ಅದೇ ತಿಂಗಳ ಕೊನೆಗೆ. ಎರಡೇ ವಾರ! ಇಂದಿನ ಸೂತ್ರ ಹಿಡಿದರೆ ಅನುಮಾನ ಪಡಬೇಕಾದ ವೇಗ. ಆದರೆ ರಾಮನ್ ಅದರ ಪ್ರತಿಗಳನ್ನು ಹೊರದೇಶದ ವಿಜ್ಞಾನಿಗಳಿಗೆ ಕಳಿಸಿದರು. ಅವರು ಓದಿದರು, ತಮ್ಮ ಪ್ರಯೋಗಾಲಯಗಳಲ್ಲಿ ಮಾಡಿ ನೋಡಿದರು. ಬೇಡ ಎನ್ನಬಲ್ಲವರ ಮುಂದೆ ಇಟ್ಟ ಪ್ರಬಂಧ ಅದು.

ಲಾಂಛನ, ಅಂಕ, ಊರು ಯಾವುದೂ ಸಾಲದು ಎಂದಾಯಿತು. ಕಂಪನಿಯ ಹೆಸರು ಸಾಲುತ್ತದೆಯೇ? ಅದೂ ಇಲ್ಲ. ಹಿಂದಾವಿ ಎಂಬ ಪ್ರಕಾಶನವನ್ನು ಅಮೆರಿಕದ ಹಳೆಯ ಸಂಸ್ಥೆ ವೈಲಿ 2021ರಲ್ಲಿ ಸುಮಾರು 30 ಕೋಟಿ ಡಾಲರ್‌ಗೆ ಕೊಂಡಿತು. ಅತಿಥಿ ಸಂಪಾದಕರ ವಿಶೇಷ ಸಂಚಿಕೆಗಳ ಮೂಲಕ ಬಾಡಿಗೆ ಪ್ರಬಂಧಗಳು ರಾಶಿರಾಶಿಯಾಗಿ ಒಳಬಂದಿದ್ದವು. 2023ರ ಒಂದೇ ವರ್ಷದಲ್ಲಿ 8 ಸಾವಿರಕ್ಕೂ ಹೆಚ್ಚು ಪ್ರಬಂಧಗಳನ್ನು ವಾಪಸು ಪಡೆಯಬೇಕಾಯಿತು. ಹಿಂದಾವಿ ಎಂಬ ಹೆಸರನ್ನೇ ವೈಲಿ ಕೈಬಿಟ್ಟಿತು. ಕಪ್ಪುಪಟ್ಟಿಯನ್ನಾದರೂ ನೋಡೋಣ ಎಂದರೆ, ಬೀಲ್ ಅವರ ಪಟ್ಟಿಯೂ 2017ರ ಜನವರಿಯಲ್ಲಿ ನಿಂತುಹೋಯಿತು.

ಹಾಗಾಗಿ ಉಳಿಯುವ ದಾರಿ ನಿಧಾನದ್ದು. ಆ ಜರ್ನಲ್‌ನ ಹಳೆಯ ಸಂಚಿಕೆಯಿಂದ ನಿಮ್ಮ ವಿಷಯದ ಮೂರು ಪ್ರಬಂಧ ತೆಗೆದು ಓದಿ. ಕನ್ನಡ ಸಾಹಿತ್ಯ, ಕೋಳಿ ಸಾಕಣೆ, ರೋಬೋ ಮೂರೂ ಒಂದೇ ಸಂಚಿಕೆಯಲ್ಲಿದ್ದರೆ ಪರಿಶೀಲಿಸಿದವರು ಯಾರು ಎಂದು ಕೇಳಿ. ಕಾಲೇಜಿನ ಗ್ರಂಥಪಾಲಕರನ್ನು ಕೇಳಿ. ಈ ವಿಷಯದಲ್ಲಿ ಅವರಷ್ಟು ತಿಳಿದವರು ಕ್ಯಾಂಪಸ್ಸಿನಲ್ಲಿ ಕಡಿಮೆ, ಅವರ ಬಳಿ ಹೋಗುವವರೂ ಕಡಿಮೆ.

ಕೊನೆಯದಾಗಿ, ಈಗಾಗಲೇ ಪ್ರಬಂಧ ಕಳಿಸಿ ಸಿಕ್ಕಿಕೊಂಡವರಿಗೆ ಒಂದು ಮಾತು. ಹಣ ಕಟ್ಟುವ ಮೊದಲು, ಹಕ್ಕುಸ್ವಾಮ್ಯದ ಪತ್ರಕ್ಕೆ ಸಹಿ ಹಾಕುವ ಮೊದಲು ನಿಲ್ಲಿ. ಪ್ರಬಂಧ ಹಿಂಪಡೆಯುತ್ತಿದ್ದೇನೆ ಎಂದು ಇಮೇಲ್ ಬರೆಯಿರಿ. ಗೈಡ್‌ಗೂ ಸಹಲೇಖಕರಿಗೂ ಅದರ ಪ್ರತಿ ಹೋಗಲಿ. ಹಿಂಪಡೆಯಲೂ ಶುಲ್ಕ ಕೇಳಿದರೆ ಆ ಪತ್ರವನ್ನು ಜೋಪಾನವಾಗಿಟ್ಟು ವಿಭಾಗದ ಮುಖ್ಯಸ್ಥರಿಗೆ ತೋರಿಸಿ. ಕಟ್ಟಲು ಹೋಗಬೇಡಿ. ಅಲ್ಲಿ ಒಮ್ಮೆ ಅಚ್ಚಾಗಿಬಿಟ್ಟರೆ ಅದೇ ಪ್ರಬಂಧವನ್ನು ಒಳ್ಳೆಯ ಜರ್ನಲ್‌ಗೆ ಕೊಡಲು ಬರುವುದಿಲ್ಲ. ಒಂದೇ ಕೆಲಸವನ್ನು ಎರಡು ಕಡೆ ಅಚ್ಚು ಮಾಡಿಸಿದ ಆರೋಪ ಲೇಖಕರ ಮೇಲೆಯೇ ಬರುತ್ತದೆ. ಹಿಂಪಡೆದ ದಿನಾಂಕವಿರುವ ಇಮೇಲ್ ಕೈಯಲ್ಲಿದ್ದರೆ, ಮುಂದಿನ ಸಂಪಾದಕರಿಗೆ ಪ್ರಬಂಧ ಕಳಿಸುವಾಗ ನಡೆದದ್ದನ್ನು ನಾಲ್ಕು ಸಾಲಿನಲ್ಲಿ ತಿಳಿಸಿ, ಅದನ್ನೂ ಜೊತೆಗಿಡಿ.